ಮದ್ದಿನ ಮೊದಲ ಹದಿನೈದು ದಿನಗಳು

ಕಾಸರಗೋಡಿನ ಒಳನಾಡಿನಲ್ಲಿ, ಅಡಿಕೆ ತೋಟದ ಅಂಚಿನ ಮನೆಯೊಂದಕ್ಕೆ ನವೆಂಬರ್ ತಿಂಗಳ ಕೊನೆಯ ಒಂದು ರಾತ್ರಿ ಒಂಬತ್ತೂವರೆ ಗಂಟೆಗೆ ಫೋನು ಬರುತ್ತದೆ. ಆಗ ಐರ್ಲೆಂಡಿನ ಡಬ್ಲಿನ್ ನಗರದಲ್ಲಿ ಸಂಜೆ ನಾಲ್ಕು ಗಂಟೆ. ಅಲ್ಲಿ ಆಗಲೇ ಕತ್ತಲು ಕವಿಯತೊಡಗಿದೆ. ಫೋನು ಮಾಡಿದವಳು ಮನೆಯ ಮಗಳು. ಊರಿನ ಕನ್ನಡ ಶಾಲೆಯಲ್ಲಿ ಹತ್ತನೆಯ ತರಗತಿಯವರೆಗೆ ಓದಿ, ಮಂಗಳೂರಿನಲ್ಲಿ ನರ್ಸಿಂಗ್ ಮುಗಿಸಿ, ಅಲ್ಲಿನ ಆಸ್ಪತ್ರೆಯೊಂದರಲ್ಲಿ ದುಡಿಯುತ್ತಿದ್ದಾಳೆ. ಅವಳಿಗಿದು ಅಲ್ಲಿನ ಮೂರನೆಯ ಚಳಿಗಾಲ. ಎರಡು ವರ್ಷವೂ ಇದೇ ಹೊತ್ತಿಗೆ ಅವಳ ಮನಸ್ಸು ಕುಸಿದಿತ್ತು. ಈ ಸಲ ವೈದ್ಯರನ್ನು ಕಂಡಿದ್ದಾಳೆ. ಅವರು ಖಿನ್ನತೆಗೆ ಮಾತ್ರೆ ಕೊಟ್ಟು ಎಂಟು ದಿನಗಳಾಗಿವೆ. ಈಗ ಹೊಟ್ಟೆ ತೊಳಸುತ್ತದೆ, ನಿದ್ದೆ ಬರುವುದಿಲ್ಲ, ಕೈ ಸಣ್ಣಗೆ ನಡುಗುತ್ತದೆ. ಬೇಸರವಂತೂ ಇದ್ದ ಹಾಗೆಯೇ ಇದೆ.

"ಅಂಥ ಮದ್ದು ನಮಗೆ ಬೇಡ ಮಗಾ, ಬಿಟ್ಟುಬಿಡು. ರಜೆ ಹಾಕಿ ಊರಿಗೆ ಬಾ. ನಾಲ್ಕು ದಿನ ಬಿಸಿಲು ಕಂಡರೆ ಎಲ್ಲ ಸರಿಯಾಗುತ್ತದೆ" ಎನ್ನುತ್ತಾರೆ ಅಮ್ಮ.

ಇದು ಯಾವುದೋ ಒಂದು ಮನೆಯ ಕಥೆಯೆಂದು ತಿಳಿಯಬೇಕಾಗಿಲ್ಲ. ಮಕ್ಕಳು ಐರ್ಲೆಂಡ್, ಇಂಗ್ಲೆಂಡ್, ಜರ್ಮನಿ, ಕೆನಡಾಗಳಿಗೆ ಹೋಗಿರುವ ಯಾವ ಮನೆಯಲ್ಲಾದರೂ ನಡೆಯಬಹುದಾದ ಮಾತುಕತೆ ಇದು. ಅಮ್ಮನ ಆ ಮೂರು ಮಾತುಗಳಲ್ಲಿ ಮಮತೆ ತುಂಬಿದೆ. ಬಿಸಿಲಿನ ಮಾತಿನಲ್ಲಿ ಅರ್ಧ ಸತ್ಯವೂ ಇದೆ. ಆದರೆ "ಬಿಟ್ಟುಬಿಡು" ಎಂಬ ಒಂದು ಪದದಲ್ಲಿ ಅಪಾಯವಿದೆ. ಆ ಅಪಾಯ ಏನೆಂಬುದನ್ನೂ, ಅದರ ಬದಲಿಗೆ ಏನು ಹೇಳಬಹುದೆಂಬುದನ್ನೂ ಊರಿನಲ್ಲಿರುವವರು ತಿಳಿದಿರುವುದು ಅಗತ್ಯ.

ಹಗಲು ಕುಗ್ಗುವ ನಾಡು

ಕಾಸರಗೋಡಿನಲ್ಲಿ ವರ್ಷದ ಅತಿ ಚಿಕ್ಕ ಹಗಲೂ ಹನ್ನೊಂದು ಗಂಟೆಗಿಂತ ದೀರ್ಘವಾಗಿರುತ್ತದೆ. ಡಬ್ಲಿನ್‌ನಲ್ಲಿ ಡಿಸೆಂಬರ್ ಮೂರನೆಯ ವಾರದ ಹಗಲು ಏಳೂವರೆ ಗಂಟೆ ಮಾತ್ರ. ಸೂರ್ಯ ಹುಟ್ಟುವಾಗ ಬೆಳಿಗ್ಗೆ ಎಂಟೂವರೆ ದಾಟಿರುತ್ತದೆ. ಸಂಜೆ ನಾಲ್ಕು ಕಳೆಯುತ್ತಲೇ ಮುಳುಗಿಬಿಡುತ್ತಾನೆ. ಹನ್ನೆರಡು ಗಂಟೆಯ ಪಾಳಿಯಲ್ಲಿ ದುಡಿಯುವ ನರ್ಸ್ ಕತ್ತಲಲ್ಲಿ ಮನೆ ಬಿಟ್ಟು ಕತ್ತಲಲ್ಲಿಯೇ ಮನೆ ಸೇರುತ್ತಾಳೆ. ಕೆಲಸದ ದಿನಗಳಲ್ಲಿ ಸೂರ್ಯನ ಮುಖವೇ ಕಾಣದಿರುವುದೂ ಉಂಟು.

ಈ ಬೆಳಕಿನ ಕೊರತೆಗೂ ಮನಸ್ಸಿನ ಕುಸಿತಕ್ಕೂ ಇರುವ ಸಂಬಂಧವನ್ನು ವೈದ್ಯಶಾಸ್ತ್ರ ಹೆಸರಿಟ್ಟು ಗುರುತಿಸಿದ್ದು 1984ರಲ್ಲಿ. ದಕ್ಷಿಣ ಆಫ್ರಿಕದಿಂದ ಅಮೆರಿಕಕ್ಕೆ ಬಂದು ನೆಲೆಸಿದ ನಾರ್ಮನ್ ರೋಸೆಂತಾಲ್ ಎಂಬ ಮನೋವೈದ್ಯರು ತಮ್ಮ ಸಂಗಡಿಗರೊಂದಿಗೆ ಈ ಕಾಯಿಲೆಯನ್ನು ವಿವರಿಸಿದರು. ಬಿಸಿಲ ನಾಡಿನಿಂದ ಬಂದ ಅವರು ಅಲ್ಲಿನ ಚಳಿಗಾಲದಲ್ಲಿ ತಮ್ಮ ಚೈತನ್ಯವೂ ಕುಂದುವುದನ್ನು ಸ್ವತಃ ಕಂಡುಕೊಂಡಿದ್ದರು. ಇಂದು ಇದನ್ನು ಋತುಸಂಬಂಧಿ ಖಿನ್ನತೆ ಎನ್ನುತ್ತಾರೆ.

ಇದರ ಲಕ್ಷಣಗಳು ಮನೆಯವರನ್ನು ಸುಲಭವಾಗಿ ದಾರಿತಪ್ಪಿಸುತ್ತವೆ. ಖಿನ್ನತೆಯೆಂದರೆ ನಿದ್ದೆಯಿಲ್ಲ, ಊಟ ಸೇರುವುದಿಲ್ಲ ಎಂದು ಸಾಮಾನ್ಯ ತಿಳಿವಳಿಕೆ. ಚಳಿಗಾಲದ ಖಿನ್ನತೆಯಲ್ಲಿ ಅನೇಕರಿಗೆ ನಿದ್ದೆ ಹೆಚ್ಚುತ್ತದೆ, ಎಷ್ಟು ಮಲಗಿದರೂ ಸಾಲದು, ಸಿಹಿ, ಅನ್ನ, ಬ್ರೆಡ್ಡುಗಳ ಬಯಕೆ ಹೆಚ್ಚಿ ತೂಕ ಏರುತ್ತದೆ, ಮೈ ಭಾರವಾಗುತ್ತದೆ, ಜನರೊಡನೆ ಬೆರೆಯಲು ಮನಸ್ಸಾಗುವುದಿಲ್ಲ. ಫೋನಿನ ಈ ತುದಿಯಲ್ಲಿರುವವರಿಗೆ ಅದು ಸೋಮಾರಿತನವಾಗಿಯೋ ಊರನ್ನು ಮರೆತ ಅಹಂಕಾರವಾಗಿಯೋ ತೋರುವುದುಂಟು. ಅದೇ ಕಾಲಕ್ಕೆ ಬಂದು, ವಸಂತದಲ್ಲಿ ತಾನಾಗಿ ತಿಳಿಯಾಗಿ, ಕನಿಷ್ಠ ಎರಡು ವರ್ಷ ಒಂದರ ಹಿಂದೊಂದು ಮರುಕಳಿಸಿದಾಗ ವೈದ್ಯರು ಇದನ್ನು ಋತುವಿಗೆ ಕಟ್ಟಿಬಿದ್ದ ಖಿನ್ನತೆಯೆಂದು ಗುರುತಿಸುತ್ತಾರೆ. ಥೈರಾಯ್ಡ್ ದೋಷ, ರಕ್ತಹೀನತೆಗಳಂಥ ಬೇರೆ ಕಾರಣಗಳಿಲ್ಲವೆಂದು ಪರೀಕ್ಷಿಸಿ ನೋಡುವುದೂ ವಾಡಿಕೆ.

ಮೊದಲು ತೊಂದರೆ, ಆಮೇಲೆ ಗುಣ

ಇದಕ್ಕೆ ಕೊಡುವ ಮಾತ್ರೆಗಳಲ್ಲಿ ಹೆಚ್ಚಿನವು ಸರ್ಟ್ರಾಲಿನ್, ಫ್ಲೂಒಕ್ಸೆಟಿನ್, ಎಸ್ಸಿಟಾಲೋಪ್ರಾಮ್ ಮೊದಲಾದ ಒಂದೇ ಬಳಗಕ್ಕೆ ಸೇರಿದವು. ನರಕೋಶಗಳ ನಡುವೆ ಸುದ್ದಿ ಸಾಗಿಸುವ ಸೆರೊಟೋನಿನ್ ಎಂಬ ರಾಸಾಯನಿಕವು ಅಲ್ಲಿ ಹೆಚ್ಚು ಹೊತ್ತು ಉಳಿಯುವಂತೆ ಅವು ಮಾಡುತ್ತವೆ. ಈ ಕೆಲಸ ಮೊದಲ ಮಾತ್ರೆಯಿಂದಲೇ ಆರಂಭವಾಗುತ್ತದೆ. ಆದರೆ ಮಿದುಳು ಆ ಬದಲಾವಣೆಗೆ ಹೊಂದಿಕೊಂಡು ಮನಸ್ಸು ತಿಳಿಯಾಗತೊಡಗಲು ಎರಡರಿಂದ ನಾಲ್ಕು ವಾರ ಬೇಕು. ಪೂರ್ಣ ಗುಣ ಕಾಣಲು ಆರರಿಂದ ಎಂಟು ವಾರ ಹಿಡಿಯಬಹುದು.

ಶರೀರದಲ್ಲಿರುವ ಸೆರೊಟೋನಿನ್‌ನ ಬಹುಪಾಲು ಇರುವುದು ಮಿದುಳಿನಲ್ಲಲ್ಲ, ಜೀರ್ಣಾಂಗಗಳಲ್ಲಿ. ಆದುದರಿಂದ ಮದ್ದಿನ ಬರವನ್ನು ಮೊದಲು ಅರಿಯುವುದು ಹೊಟ್ಟೆ. ಓಕರಿಕೆ, ಹೊಟ್ಟೆ ತೊಳಸುವಿಕೆ, ಭೇದಿ, ತಲೆನೋವು, ಬೆವರು, ಕೈನಡುಕ, ಚಡಪಡಿಕೆ, ಕೆಲವರಿಗೆ ನಿದ್ರಾಹೀನತೆ, ಕೆಲವರಿಗೆ ತೂಕಡಿಕೆ ಮೊದಲ ದಿನಗಳಲ್ಲಿಯೇ ಕಾಣಿಸಿಕೊಳ್ಳುತ್ತವೆ. ಎಲ್ಲರಿಗೂ ಎಲ್ಲವೂ ಬರುವುದಿಲ್ಲ. ಬಂದವುಗಳಲ್ಲಿ ಬಹಳಷ್ಟು ಒಂದೆರಡು ವಾರಗಳಲ್ಲಿ ತಗ್ಗುತ್ತವೆ.

ಹೀಗೆ ತೊಂದರೆ ಮೊದಲು ಬರುತ್ತದೆ, ಗುಣ ಆಮೇಲೆ. ಇವೆರಡರ ನಡುವಣ ಸುಮಾರು ಹದಿನೈದು ದಿನಗಳೇ ಚಿಕಿತ್ಸೆಯ ಅತ್ಯಂತ ಕಷ್ಟದ ಕಾಲ. ಮದ್ದಿನಿಂದ ಲಾಭವಿಲ್ಲ, ನಷ್ಟವೇ ಹೆಚ್ಚು ಎಂದು ರೋಗಿಗೆ ಅನ್ನಿಸುವುದು ಈ ದಿನಗಳಲ್ಲಿ. ಮಾತ್ರೆಗಳು ಕಸದ ಬುಟ್ಟಿ ಸೇರುವುದೂ ಈ ದಿನಗಳಲ್ಲಿಯೇ.

ತುಳುನಾಡಿನ ಮನೆಗಳಿಗೆ ಈ ಸಂಗತಿ ಹೊಸತಲ್ಲ. ಆಟಿ ಅಮಾವಾಸ್ಯೆಯ ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಹಾಲೆಮರದ ತೊಗಟೆಯ ಕಹಿ ಕಷಾಯ ಕುಡಿದವರಿಗೆ, ಅದರ ಉಷ್ಣ ಬಾಧಿಸದಿರಲೆಂದು ಮೆಂತೆ ಗಂಜಿ ಬಡಿಸುವ ಕ್ರಮವಿದೆ. ಮದ್ದು ಕೊಡುವುದರ ಜತೆಗೆ ಮದ್ದಿನ ಬಾಧೆಗೂ ಉಪಾಯ ಯೋಚಿಸಿಡಬೇಕೆಂಬ ತಿಳಿವು ಆ ಗಂಜಿಯ ಬಟ್ಟಲಿನಲ್ಲಿದೆ. ತೊಗಟೆ ತರುವವನು ಮರವನ್ನು ಬಲ್ಲವನೇ ಆಗಿರಬೇಕೆಂಬ ಕಟ್ಟುನಿಟ್ಟೂ ಅಲ್ಲಿದೆ. ಹಾಲೆಯೆಂದು ಭ್ರಮಿಸಿ ವಿಷಕಾರಿಯಾದ ಕಾಸರಕನ ತೊಗಟೆ ತಂದು ಪ್ರಾಣಕ್ಕೆ ಎರವಾದ ಪ್ರಸಂಗಗಳಿವೆ. ಖಿನ್ನತೆಯ ಮಾತ್ರೆಗೂ ಈ ಎರಡು ನಿಯಮಗಳು ಅನ್ವಯಿಸುತ್ತವೆ: ಬಲ್ಲವರು ಕೊಡಬೇಕು, ಬಾಧೆಗೆ ಉಪಾಯವೂ ಜತೆಗಿರಬೇಕು.

ದಿನನಿತ್ಯದ ಉಪಾಯಗಳು

ಹೊಟ್ಟೆ ತೊಳಸುವವರು ಮಾತ್ರೆಯನ್ನು ಬರಿಹೊಟ್ಟೆಯಲ್ಲಿ ನುಂಗದೆ ಊಟದ ಜತೆ ತೆಗೆದುಕೊಂಡರೆ ಸಾಮಾನ್ಯವಾಗಿ ಬಾಧೆ ಕಡಿಮೆಯಾಗುತ್ತದೆ. ಎರಡು ದೊಡ್ಡ ಊಟಗಳ ಬದಲು ಸ್ವಲ್ಪ ಸ್ವಲ್ಪವಾಗಿ ನಾಲ್ಕೈದು ಸಲ ಉಣ್ಣುವುದು ಒಳ್ಳೆಯದು. ಕರಿದ, ಮಸಾಲೆ ಹೆಚ್ಚಿದ ಪದಾರ್ಥಗಳನ್ನು ಕೆಲವು ದಿನ ದೂರವಿಟ್ಟು ಗಂಜಿ, ಮಜ್ಜಿಗೆ ಅನ್ನ, ಇಡ್ಲಿಯಂಥ ಹಗುರ ಆಹಾರವನ್ನು ಆರಿಸಿಕೊಳ್ಳಬಹುದು. ಭೇದಿಯಾಗುತ್ತಿದ್ದರೆ ನೀರು ಸಾಕಷ್ಟು ಕುಡಿಯಬೇಕು.

ನಿದ್ದೆ ಕೆಡುವುದಾದರೆ ಮಾತ್ರೆಯನ್ನು ಬೆಳಿಗ್ಗೆಗೂ, ತೂಕಡಿಕೆ ಬರುವುದಾದರೆ ರಾತ್ರಿಗೂ ಬದಲಾಯಿಸಬಹುದೇ ಎಂದು ವೈದ್ಯರನ್ನೋ ಔಷಧ ಕೊಡುವ ಫಾರ್ಮಸಿಸ್ಟರನ್ನೋ ಕೇಳಬೇಕು. ಎಷ್ಟೋ ಸಲ ಹೊತ್ತು ಬದಲಿಸಿದರೆ ಸಾಕಾಗುತ್ತದೆ. ಮಧ್ಯಾಹ್ನದ ಮೇಲೆ ಕಾಫಿ, ಚಹಾ ಬಿಟ್ಟರೆ ನಿದ್ದೆಗೂ ಕೈನಡುಕಕ್ಕೂ ಅನುಕೂಲ. ಬಾಯಿ ಒಣಗುವವರು ಆಗಾಗ ಗುಟುಕು ನೀರು ಕುಡಿಯಬೇಕು. ಮದ್ದು ಮೈಗೆ ಹೇಗೆ ಹಿಡಿಯುತ್ತದೆಂದು ತಿಳಿಯುವವರೆಗೆ ವಾಹನ ಓಡಿಸದಿರುವುದು ಕ್ಷೇಮ. ಮದ್ಯವಂತೂ ಸಲ್ಲದು. ಒಂದು ದಿನದ ಮಾತ್ರೆ ಮರೆತುಹೋದರೆ ಮರುದಿನ ಎರಡು ನುಂಗಬಾರದು.

ಬಾಧೆ ಬಲವಾಗಿದ್ದರೆ ಪ್ರಮಾಣವನ್ನು ಅರ್ಧಕ್ಕಿಳಿಸಿ ನಿಧಾನವಾಗಿ ಏರಿಸುವ ದಾರಿಯಿದೆ. ಬೇರೆ ಮದ್ದಿಗೆ ಬದಲಿಸುವ ದಾರಿಯೂ ಇದೆ. ಒಬ್ಬರಿಗೆ ಒಗ್ಗದ ಮಾತ್ರೆ ಇನ್ನೊಬ್ಬರಿಗೆ ಒಗ್ಗುತ್ತದೆ. ಒಬ್ಬರಿಗೇ ಒಂದು ಒಗ್ಗದಿದ್ದರೂ ಇನ್ನೊಂದು ಒಗ್ಗಬಹುದು. ಇವೆಲ್ಲ ವೈದ್ಯರು ಮಾಡಬೇಕಾದ ಕೆಲಸ. ಆದರೆ ಬಾಧೆಯಿದೆಯೆಂದು ಅವರಿಗೆ ತಿಳಿದಾಗ ಮಾತ್ರ ಅವರು ಅದನ್ನು ಮಾಡಬಲ್ಲರು. ಒಂದು ಸಣ್ಣ ಪುಸ್ತಕದಲ್ಲಿ ದಿನಾಂಕ, ಮಾತ್ರೆ ತೆಗೆದುಕೊಂಡ ಹೊತ್ತು, ನಿದ್ದೆಯ ಗಂಟೆಗಳು, ಆದ ತೊಂದರೆ ಇಷ್ಟನ್ನು ಕನ್ನಡದಲ್ಲಿಯೇ ಬರೆದಿಟ್ಟರೂ ಸಾಕು. ಮುಂದಿನ ಭೇಟಿಯಲ್ಲಿ ಅದು ದೊಡ್ಡ ಸಹಾಯವಾಗುತ್ತದೆ.

ಬೇರೆ ಮದ್ದುಗಳ ವಿಷಯದಲ್ಲಿ ಎಚ್ಚರ ಬೇಕು. ಐಬುಪ್ರೊಫೆನ್, ಡೈಕ್ಲೊಫೆನಾಕ್ ಮೊದಲಾದ ನೋವಿನ ಮಾತ್ರೆಗಳು ಈ ಬಳಗದ ಮಾತ್ರೆಗಳೊಂದಿಗೆ ಸೇರಿದರೆ ಹೊಟ್ಟೆಯೊಳಗೆ ರಕ್ತಸ್ರಾವದ ಸಂಭವ ಹೆಚ್ಚುತ್ತದೆ. ಟ್ರಮಡಾಲ್ ಎಂಬ ನೋವುಶಾಮಕ, ಚಳಿಗಾಲದಲ್ಲಿ ಕೆಮ್ಮಿಗೆ ಕುಡಿಯುವ ಡೆಕ್ಸ್ಟ್ರೋಮೆಥಾರ್ಫನ್ ಇರುವ ಸಿರಪ್, ಖಿನ್ನತೆಗೆಂದು ಕೆಲವೆಡೆ ಮಾರುವ ಸೇಂಟ್ ಜಾನ್ಸ್ ವರ್ಟ್ ಎಂಬ ಗಿಡದ ಮಾತ್ರೆ ಇವು ಸೆರೊಟೋನಿನ್ ಅನ್ನು ಅತಿಯಾಗಿ ಏರಿಸಬಹುದು. ಊರಿನಿಂದ ಪ್ರೀತಿಯಿಂದ ಕಳುಹಿಸಿಕೊಡುವ ಲೇಹ್ಯ, ಚೂರ್ಣಗಳ ಹೆಸರನ್ನೂ ವೈದ್ಯರಿಗೆ ಹೇಳಿಯೇ ಬಳಸಬೇಕು.

ತಡಮಾಡಬಾರದ ಲಕ್ಷಣಗಳು

ಸಹಿಸಿಕೊಳ್ಳಬೇಕಾದ ಬಾಧೆ ಬೇರೆ, ಸಹಿಸಿಕೊಳ್ಳಬಾರದ ಬಾಧೆ ಬೇರೆ. ಇಪ್ಪತ್ತೈದು ವರ್ಷಕ್ಕಿಂತ ಕಿರಿಯರಲ್ಲಿ ಮದ್ದು ಆರಂಭಿಸಿದ ಅಥವಾ ಪ್ರಮಾಣ ಬದಲಿಸಿದ ಮೊದಲ ವಾರಗಳಲ್ಲಿ ಸಾಯುವ ಯೋಚನೆಗಳು ಹೆಚ್ಚಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2004ರಲ್ಲಿ ಮಕ್ಕಳು ಮತ್ತು ಹದಿಹರೆಯದವರ ವಿಷಯದಲ್ಲಿ ಎಚ್ಚರಿಸಿತು. 2007ರಲ್ಲಿ ಇಪ್ಪತ್ತನಾಲ್ಕು ವರ್ಷದವರೆಗಿನ ಯುವಜನರನ್ನೂ ಆ ಎಚ್ಚರಿಕೆಗೆ ಸೇರಿಸಿತು. ಮದ್ದು ಕೊಡಲೇಬಾರದೆಂಬುದು ಇದರ ಅರ್ಥವಲ್ಲ. ಆ ವಾರಗಳಲ್ಲಿ ರೋಗಿಯ ಮೇಲೆ ಹತ್ತಿರದವರ ಕಣ್ಣಿರಬೇಕು ಎಂಬುದೇ ಅರ್ಥ. ಹೊರನಾಡಿನ ಓದಿಗೆ ಹೋಗುವ ಮಕ್ಕಳು ಬಹುಮಟ್ಟಿಗೆ ಈ ವಯಸ್ಸಿನವರೇ.

ಸಾಯುವ ಮಾತು, ಹಿಂದೆಂದೂ ಇಲ್ಲದ ತೀವ್ರ ಚಡಪಡಿಕೆ, ಜ್ವರ ಮತ್ತು ಬೆವರಿನೊಂದಿಗೆ ಸ್ನಾಯುಗಳ ಬಿಗಿತ ಹಾಗೂ ಸೆಳೆತ, ಗೊಂದಲದ ಮಾತು, ಫಿಟ್ಸ್, ಮೈಮೇಲೆ ದದ್ದು ಎದ್ದು ಉಸಿರು ಕಟ್ಟುವುದು ಇವುಗಳಲ್ಲಿ ಯಾವುದು ಕಂಡರೂ ಮುಂದಿನ ಭೇಟಿಯವರೆಗೆ ಕಾಯಬಾರದು. ನಿದ್ದೆಯೇ ಇಲ್ಲದೆ ಅತಿಯಾದ ಉತ್ಸಾಹ, ಓತಪ್ರೋತ ಮಾತು, ದುಂದುವೆಚ್ಚ ಕಂಡರೂ ವೈದ್ಯರಿಗೆ ಕೂಡಲೇ ತಿಳಿಸಬೇಕು. ಏರಿಳಿತದ ಮನೋರೋಗವುಳ್ಳವರಲ್ಲಿ ಈ ಮಾತ್ರೆಗಳು ಮನಸ್ಸನ್ನು ಅತ್ತ ತಳ್ಳುವ ಸಾಧ್ಯತೆಯಿದೆ. ಕುಟುಂಬದಲ್ಲಿ ಯಾರಿಗಾದರೂ ಅಂಥ ಕಾಯಿಲೆ ಇದ್ದುದು ಊರಿನ ಹಿರಿಯರಿಗೆ ಗೊತ್ತಿದ್ದರೆ, ಮುಚ್ಚಿಡದೆ ಮಗಳಿಗೋ ಮಗನಿಗೋ ಹೇಳುವುದು ದೊಡ್ಡ ಉಪಕಾರ. ವಯಸ್ಸಾದವರಲ್ಲಿ ಈ ಮದ್ದುಗಳು ರಕ್ತದ ಸೋಡಿಯಂ ಇಳಿಸಿ ಗೊಂದಲ ಉಂಟುಮಾಡಬಹುದಾದ್ದರಿಂದ ಅವರ ವಿಷಯದಲ್ಲಿಯೂ ಗಮನ ಬೇಕು. ಯುರೋಪಿನ ದೇಶಗಳಲ್ಲಿ ತುರ್ತು ಕರೆಯ ಸಂಖ್ಯೆ 112.

ಹೇಳಲಾಗದ ಬಾಧೆಗಳು

ಕೆಲವು ಬಾಧೆಗಳು ಎರಡು ವಾರದಲ್ಲಿ ಹೋಗುವುದಿಲ್ಲ. ಲೈಂಗಿಕ ಆಸಕ್ತಿ ಕುಂದುವುದು, ತೂಕ ಏರುವುದು, ದುಃಖದೊಂದಿಗೆ ಸಂತೋಷವೂ ಮಂಕಾಗಿ ಯಾವುದೂ ಮನಸ್ಸಿಗೆ ತಟ್ಟದಂತಾಗುವುದು ಅಂಥವು. ಇವುಗಳಲ್ಲಿ ಮೊದಲನೆಯದನ್ನು ನಮ್ಮವರು ಬಾಯಿಬಿಟ್ಟು ಹೇಳುವುದೇ ಇಲ್ಲ. ಹೊಸದಾಗಿ ಮದುವೆಯಾದ ದಂಪತಿಗಳಲ್ಲಿ ಇದು ಮೌನವಾದ ಮನಸ್ತಾಪಕ್ಕೆ ಕಾರಣವಾಗುತ್ತದೆ. ಕೊನೆಗೆ ಕಾರಣ ಹೇಳದೆ ಮಾತ್ರೆ ನಿಲ್ಲುತ್ತದೆ. ಇದು ಮದ್ದಿನ ಗುಣವೇ ಹೊರತು ವ್ಯಕ್ತಿಯ ದೋಷವಲ್ಲ. ವೈದ್ಯರಿಗೆ ಇದು ಹೊಸ ವಿಷಯವೂ ಅಲ್ಲ. ಪ್ರಮಾಣ ತಗ್ಗಿಸಿ ಅಥವಾ ಮದ್ದು ಬದಲಿಸಿ ಪರಿಹಾರ ಕಾಣಬಹುದು. ಉದಾಹರಣೆಗೆ ಬುಪ್ರೊಪಿಯಾನ್ ಎಂಬ ಬೇರೆ ಬಗೆಯ ಮದ್ದಿನಲ್ಲಿ ಈ ಬಾಧೆ ಕಡಿಮೆ. ಋತುಸಂಬಂಧಿ ಖಿನ್ನತೆ ಬಾರದಂತೆ ತಡೆಯಲು ಶರತ್ಕಾಲದಲ್ಲಿಯೇ ಆರಂಭಿಸುವ ಮದ್ದಾಗಿ ಅಮೆರಿಕದಲ್ಲಿ 2006ರಲ್ಲಿ ಅದಕ್ಕೆ ಮನ್ನಣೆ ದೊರೆಯಿತು. ಆದರೆ ಅದರಿಂದ ಬಾಯಿ ಒಣಗಬಹುದು, ನಿದ್ದೆ ಕೆಡಬಹುದು. ಅಪಸ್ಮಾರವುಳ್ಳವರಿಗೆ ಅದು ತಕ್ಕುದಲ್ಲ. ಬಸಿರು, ಬಾಣಂತನಗಳ ಕಾಲದಲ್ಲಿಯೂ ಮಾತ್ರೆಯನ್ನು ತಾವಾಗಿ ನಿಲ್ಲಿಸದೆ ವೈದ್ಯರೊಡನೆ ಮಾತನಾಡಿಯೇ ತೀರ್ಮಾನಿಸಬೇಕು.

ಇಲ್ಲಿ ಭಾಷೆಯ ಪ್ರಶ್ನೆಯೂ ಬರುತ್ತದೆ. ಕನ್ನಡ ಶಾಲೆಯಲ್ಲಿ ಓದಿದವರಿಗೆ ಇಂಗ್ಲಿಷಿನಲ್ಲಿ ರಕ್ತದೊತ್ತಡದ ಲೆಕ್ಕ ಬರೆಯಲು ಕಷ್ಟವಿಲ್ಲದಿರಬಹುದು. "ಎದೆಯೊಳಗೆ ಏನೋ ಕೂತಂತೆ", "ಜೀವ ಸುಸ್ತು", "ಯಾವುದೂ ಬೇಡ ಅನ್ನಿಸುತ್ತದೆ" ಎಂಬುದು ಮಾತ್ರ ಮನೆಮಾತಿನಲ್ಲಿಯೇ ಹೊರಡುತ್ತದೆ. ಕಾಸರಗೋಡಿನ ಕನ್ನಡಿಗನು ಮಲಯಾಳದಲ್ಲಿ ವೈದ್ಯರೊಡನೆ ಮಾತನಾಡುವಾಗಲೂ ಪಡುವ ಪಾಡು ಇದೇ. ಭೇಟಿಗೆ ಮೊದಲು ಹೇಳಬೇಕಾದುದನ್ನು ಕನ್ನಡದಲ್ಲಿ ಬರೆದುಕೊಂಡು, ಬಳಿಕ ನಂಬಿಕೆಯ ಗೆಳತಿಯ ನೆರವಿನಿಂದ ಅಲ್ಲಿನ ಭಾಷೆಗೆ ತಂದುಕೊಂಡು ಹೋದರೆ ಮುಖ್ಯವಾದುದು ಬಿಟ್ಟುಹೋಗುವುದಿಲ್ಲ.

ಬೆಳಕೂ ಒಂದು ಮದ್ದು

ಅಮ್ಮನ ಬಿಸಿಲಿನ ಮಾತಿನಲ್ಲಿ ಅರ್ಧ ಸತ್ಯವಿದೆ ಎಂದದ್ದು ಇದಕ್ಕಾಗಿ. ಹತ್ತು ಸಾವಿರ ಲಕ್ಸ್ ಪ್ರಮಾಣದ ಬೆಳಕು ಚೆಲ್ಲುವ ಪೆಟ್ಟಿಗೆಯ ಮುಂದೆ ಬೆಳಿಗ್ಗೆ ಎದ್ದೊಡನೆ ಅರ್ಧ ಗಂಟೆ ಕುಳಿತುಕೊಳ್ಳುವುದು ಈ ಖಿನ್ನತೆಗೆ ಒಪ್ಪಿತವಾದ ಚಿಕಿತ್ಸೆ. ಮನೆಯೊಳಗಿನ ಸಾಮಾನ್ಯ ದೀಪದ ಬೆಳಕು ಕೆಲವು ನೂರು ಲಕ್ಸ್ ಮಾತ್ರ. ಕೆನಡಾದಲ್ಲಿ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 96 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಬೆಳಕಿನ ಪೆಟ್ಟಿಗೆಯನ್ನೂ ಇನ್ನೊಂದಕ್ಕೆ ಫ್ಲೂಒಕ್ಸೆಟಿನ್ ಅನ್ನೂ ಎಂಟು ವಾರ ಕೊಟ್ಟು ನೋಡಲಾಯಿತು. ಎರಡೂ ಗುಂಪುಗಳಲ್ಲಿ ಶೇಕಡಾ 67 ಮಂದಿಗೆ ಗುಣ ಕಂಡಿತು. ಬೆಳಕಿನ ಗುಂಪಿನವರಿಗೆ ಗುಣ ಬೇಗ ಕಾಣಿಸಿಕೊಂಡಿತು, ಕೆಲವು ಬಾಧೆಗಳೂ ಕಡಿಮೆಯಿದ್ದವು.

ಆದುದರಿಂದ ಮಾತ್ರೆಯ ಬಾಧೆ ತಾಳಲಾರದವರು ಬೆಳಕಿನ ಚಿಕಿತ್ಸೆಯ ಬಗ್ಗೆ ವೈದ್ಯರನ್ನು ಕೇಳಬಹುದು. ಕೆಲವರಿಗೆ ಎರಡನ್ನೂ ಜತೆಯಾಗಿ ಕೊಡುತ್ತಾರೆ. ದೀಪವನ್ನು ದಿಟ್ಟಿಸಿ ನೋಡಬಾರದು. ಪೆಟ್ಟಿಗೆ ಎದುರಿಗಿರಬೇಕು, ಕಣ್ಣು ಓದಿನ ಮೇಲೋ ತಿಂಡಿಯ ಮೇಲೋ ಇದ್ದರೆ ಸಾಕು. ಇದಕ್ಕೂ ತಲೆನೋವು, ಕಣ್ಣುರಿಯಂಥ ಬಾಧೆಗಳಿವೆ. ಕಣ್ಣಿನ ಒಳಪದರದ ಕಾಯಿಲೆಯುಳ್ಳವರೂ ಏರಿಳಿತದ ಮನೋರೋಗವುಳ್ಳವರೂ ವೈದ್ಯರನ್ನು ಕೇಳದೆ ಬಳಸಬಾರದು. ರಾತ್ರಿ ಪಾಳಿಯವರಿಗೆ "ಬೆಳಿಗ್ಗೆ" ಎಂಬುದರ ಅರ್ಥವೇ ಬೇರೆಯಾದ್ದರಿಂದ ಅವರು ಹೊತ್ತನ್ನು ವೈದ್ಯರಿಂದಲೇ ತಿಳಿಯಬೇಕು. ಮೋಡವಿದ್ದರೂ ಹಗಲಿನ ಹೊರಬೆಳಕು ಮನೆಯ ದೀಪಕ್ಕಿಂತ ಎಷ್ಟೋ ಪಾಲು ಹೆಚ್ಚು. ಬಿಡುವಿನ ದಿನ ನಡು ಹಗಲಿನಲ್ಲಿ ಅರ್ಧ ಗಂಟೆ ನಡೆದಾಡುವುದು ಖರ್ಚಿಲ್ಲದ ಸಹಾಯ. ಯೋಚನೆಯ ದಾರಿಯನ್ನು ತಿದ್ದುವ ಮಾತಿನ ಚಿಕಿತ್ಸೆಯೂ ಚಳಿಗಾಲದ ಖಿನ್ನತೆಗೆ ಫಲಕಾರಿಯೆಂದು ತಿಳಿದುಬಂದಿದೆ. ಡಿ ವಿಟಮಿನ್ ಕೊರತೆಯಿದ್ದರೆ ಅದನ್ನು ತುಂಬಿಕೊಳ್ಳುವುದು ಮೂಳೆಗಳಿಗೆ ಅಗತ್ಯವೇ ಸರಿ. ಆದರೆ ಅದೊಂದನ್ನೇ ಖಿನ್ನತೆಯ ಮದ್ದೆಂದು ನಂಬಿ ಕೂರಬಾರದು.

ರಜೆಯಲ್ಲಿ ಬಂದಾಗ

ಇನ್ನು ಆ "ಬಿಟ್ಟುಬಿಡು" ಎಂಬ ಮಾತು. ಡಿಸೆಂಬರ್ ಕೊನೆಗೆ ರಜೆ ಸಿಕ್ಕಿ ಮಗಳು ಮಂಗಳೂರಿನ ವಿಮಾನ ನಿಲ್ದಾಣದಲ್ಲಿ ಇಳಿಯುತ್ತಾಳೆ. ಅಂಗಳದಲ್ಲಿ ಅಡಿಕೆ ಒಣಗುವ ಬಿಸಿಲು, ಹಗಲು ಉದ್ದ, ಸುತ್ತ ಮನೆಮಂದಿ. ವಾರದೊಳಗೆ ಮುಖ ಅರಳುತ್ತದೆ. ತಿಂಗಳ ಹಿಂದೆ ಆರಂಭಿಸಿದ ಮಾತ್ರೆಯೂ ಈ ಹೊತ್ತಿಗೆ ತನ್ನ ಕೆಲಸ ತೋರತೊಡಗಿರುತ್ತದೆ. ಆದರೆ ಶ್ರೇಯಸ್ಸೆಲ್ಲ ಬಿಸಿಲಿಗೆ ಸಲ್ಲುತ್ತದೆ. "ನೋಡಿದೆಯಾ, ಮದ್ದು ಯಾಕೆ ಬೇಕಿತ್ತು?" ಎಂದು ಅಪ್ಪನೋ ಮಾವನೋ ಹೇಳುತ್ತಾರೆ. ಅವಳಿಗೂ ಹೌದೆನ್ನಿಸಿ ಮಾತ್ರೆ ನಿಲ್ಲಿಸುತ್ತಾಳೆ.

ಒಂದೆರಡು ದಿನಗಳಲ್ಲಿ ಅಥವಾ ಕೆಲವು ದಿನಗಳಲ್ಲಿ ತಲೆಸುತ್ತು, ಓಕರಿಕೆ, ಸಿಡುಕು, ವಿಚಿತ್ರ ಕನಸುಗಳು, ತಲೆಯೊಳಗೆ ಕರೆಂಟು ಹೊಡೆದಂಥ ಅನುಭವ ಆರಂಭವಾಗಬಹುದು. ವೆನ್ಲಾಫಾಕ್ಸಿನ್, ಪರೊಕ್ಸೆಟಿನ್ ಮದ್ದುಗಳಲ್ಲಿ ಇದು ಹೆಚ್ಚು. ಮೈಯಲ್ಲಿ ಬಹಳ ದಿನ ಉಳಿಯುವ ಫ್ಲೂಒಕ್ಸೆಟಿನ್‌ನಲ್ಲಿ ಕಡಿಮೆ. ಇದನ್ನು ಕಂಡು "ಮದ್ದು ಚಟವಾಗಿದೆ" ಎಂದು ಹೆದರುವುದುಂಟು. ಮದ್ಯದಂತೆ ಮತ್ತಷ್ಟು ಮತ್ತಷ್ಟು ಬೇಕೆನಿಸುವ ಚಟ ಇದಲ್ಲ. ಮದ್ದಿಗೆ ಹೊಂದಿಕೊಂಡಿದ್ದ ನರಮಂಡಲಕ್ಕೆ ಅದು ಥಟ್ಟನೆ ತಪ್ಪಿದಾಗ ಆಗುವ ಗಲಿಬಿಲಿ. ಅದಕ್ಕಾಗಿಯೇ ಪ್ರಮಾಣವನ್ನು ವಾರಗಳ ಕಾಲ ಹಂತಹಂತವಾಗಿ ಇಳಿಸುತ್ತಾರೆ.

ಇದಕ್ಕಿಂತ ದೊಡ್ಡ ಅಪಾಯ ಜನವರಿಯಲ್ಲಿದೆ. ರಜೆ ಮುಗಿಸಿ ಅವಳು ಮರಳುವುದು ಮತ್ತೆ ಅದೇ ಕತ್ತಲಿಗೆ. ಚಳಿಗಾಲ ಇನ್ನೂ ಎರಡು ತಿಂಗಳು ಬಾಕಿಯಿದೆ. ಮದ್ದು ನಿಂತಿದೆ, ಬಿಸಿಲು ಹಿಂದುಳಿದಿದೆ, ಸುತ್ತ ಮನೆಮಂದಿಯೂ ಇಲ್ಲ. ಮತ್ತೆ ಮಾತ್ರೆ ಆರಂಭಿಸಿದರೆ ಆ ಕಷ್ಟದ ಹದಿನೈದು ದಿನಗಳನ್ನು ಮೊದಲಿನಿಂದ ದಾಟಬೇಕು. ಚಳಿಗಾಲದ ಖಿನ್ನತೆಗೆ ಕೊಟ್ಟ ಮಾತ್ರೆಯನ್ನು ಇಳಿಸುವ ಮಾತು ಸಾಮಾನ್ಯವಾಗಿ ವಸಂತ ಬಂದು ಹಗಲು ಬೆಳೆದ ಮೇಲೆ, ವೈದ್ಯರ ಸಲಹೆಯಿಂದ ಬರಬೇಕು.

ಆದುದರಿಂದ ರಜೆಗೆ ಬರುವವರು ಹಿಂದಿರುಗುವವರೆಗೆ ಸಾಲುವಷ್ಟು ಮಾತ್ರೆಗಳನ್ನು ವೈದ್ಯರ ಚೀಟಿಯೊಂದಿಗೆ ಕೈಚೀಲದಲ್ಲಿ ತರಬೇಕು. ಅಕಸ್ಮಾತ್ ಮುಗಿದರೆ ಇಲ್ಲಿನ ವೈದ್ಯರಿಗೆ ಚೀಟಿ ತೋರಿಸಬೇಕು. ಕಂಪನಿಯ ಹೆಸರು ಬೇರೆಯಿದ್ದರೂ ಮದ್ದಿನ ಮೂಲ ಹೆಸರು ಎರಡು ದೇಶಗಳಲ್ಲೂ ಒಂದೇ ಆಗಿರುತ್ತದೆ.

ನಮ್ಮ ಮಳೆಗಾಲದ ಬೇಸರ

ಆಟಿಯ ಮಳೆಯಲ್ಲಿ ದಿನಗಟ್ಟಲೆ ಸೂರ್ಯ ಕಾಣದಿದ್ದಾಗ ಇಲ್ಲಿನವರ ಮನಸ್ಸೂ ಮಂಕಾಗುವುದುಂಟು. ಆದರೆ ಆಗ ಇಲ್ಲಿ ಹಗಲು ದೀರ್ಘವಾಗಿಯೇ ಇರುತ್ತದೆ. ಮಳೆಗಾಲದ ಬೇಸರವನ್ನೆಲ್ಲ ಚಳಿನಾಡಿನ ಕಾಯಿಲೆಯೊಂದಿಗೆ ಸಮೀಕರಿಸುವುದು ಸರಿಯಲ್ಲ. ಋತು ಯಾವುದೇ ಇರಲಿ, ಎರಡು ವಾರಕ್ಕಿಂತ ಹೆಚ್ಚು ಕಾಲ ಬೇಸರ ಬಿಡದೆ, ಶಾಲೆಗೋ ಕೆಲಸಕ್ಕೋ ಅಡ್ಡಿಯಾದರೆ ವೈದ್ಯರನ್ನು ಕಾಣಬೇಕು. ಮಕ್ಕಳಿಗೆ ಇಂಥ ಮಾತ್ರೆ ಬೇಕೇ ಎಂಬುದನ್ನು ತಜ್ಞರೇ ನಿರ್ಧರಿಸಬೇಕು. ಮನೆಯ ಹಿರಿಯರೊಬ್ಬರ ಮಾತ್ರೆಯನ್ನು ಇನ್ನೊಬ್ಬರಿಗೆ ಕೊಡುವುದಂತೂ ಸರ್ವಥಾ ಕೂಡದು.

ಭಾರತ ಸರಕಾರವು 2022ರ ಅಕ್ಟೋಬರಿನಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲಿರುಳು ಉಚಿತವಾಗಿ ದೊರೆಯುವ ಈ ಸೇವೆಯ ಭಾಷೆಗಳಲ್ಲಿ ಕನ್ನಡವೂ ಇದೆ. ದೂರದಲ್ಲಿರುವ ಮಗಳಿಗೆ ಏನು ಹೇಳಬೇಕೆಂದು ತೋಚದ ತಂದೆತಾಯಿಗಳೂ ಅಲ್ಲಿ ಮಾತನಾಡಬಹುದು. ಕೇರಳದ ಎಲ್ಲ ಜಿಲ್ಲೆಗಳಲ್ಲೂ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಿದೆ. ಹತ್ತಿರದ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿದರೆ ವೈದ್ಯರು ಬರುವ ದಿನ, ಸ್ಥಳ ತಿಳಿಯುತ್ತದೆ.

ಆ ನವೆಂಬರ್ ರಾತ್ರಿಯ ಫೋನಿಗೆ ಬೇರೊಂದು ಉತ್ತರವೂ ಇದೆ. ಅದಕ್ಕೆ ವೈದ್ಯಶಾಸ್ತ್ರ ಓದಿರಬೇಕಾಗಿಲ್ಲ.

"ಊಟದ ಜತೆ ನುಂಗುತ್ತೀಯಾ, ಬರಿಹೊಟ್ಟೆಗಾ? ರಾತ್ರಿ ಬದಲು ಬೆಳಿಗ್ಗೆ ಆಗುತ್ತದಾ ಅಂತ ಡಾಕ್ಟರ ಹತ್ತಿರ ನಾಳೆಯೇ ಕೇಳು ಮಗಾ. ಅವರು ಹೇಳುವವರೆಗೆ ಬಿಡಬೇಡ. ನಾಳೆ ಇದೇ ಹೊತ್ತಿಗೆ ನಾನೇ ಫೋನು ಮಾಡುತ್ತೇನೆ."